ಬಾಡಿಯ ಕೆಳಗಿನ ಚಾಸಿ

ಬಾಡಿಯೇ ಇಲ್ಲದ ಗಾಡಿಯನ್ನು, ಮುಖಕ್ಕೆ ಟವೆಲ್ ಸುತ್ತಿಕೊಂಡ ಡ್ರೈವರ್ ಓಡಿಸಿಕೊಂಡು ಹೋಗುವುದನ್ನು ಹೆದ್ದಾರಿಯಲ್ಲಿ ನೀವೂ ನೋಡಿರಬಹುದು. ಅದೇ ಚಾಸಿ. ಎರಡು ಉದ್ದನೆಯ ಉಕ್ಕಿನ ಚಾನಲ್, ನಡುವೆ ಅಡ್ಡಪಟ್ಟಿಗಳು. ನೋಡಲು ಮಲಗಿಸಿದ ಏಣಿ. ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಅದರಲ್ಲೇ ಇರುತ್ತವೆ. ಅದರ ಮೇಲೆ ಲಾರಿಯನ್ನೂ ಕಟ್ಟಬಹುದು, ಬಸ್ಸನ್ನೂ ಕಟ್ಟಬಹುದು, ಹಾಸಿಗೆ-ಅಡುಗೆಮನೆ ಇರುವ ಕ್ಯಾರವಾನನ್ನೂ ಕಟ್ಟಬಹುದು.

ನನ್ನ ಮಾಮು ಶಹಾಪುರದಲ್ಲಿ ಲಾರಿ ಬಾಡಿ ಕಟ್ಟುತ್ತಾರೆ. ಕಳೆದ ರಜೆಯಲ್ಲಿ ಒಂದು ಹಳೆಯ ಲಾರಿಯ ಚಾಸಿಯಲ್ಲಿ ಬಿರುಕು ತೋರಿಸಿದರು. ಯಾರೋ ಟ್ಯಾಂಕ್ ಕೂರಿಸಲು ಚಾನಲ್‌ನ ಕೆಳ ಅಂಚಿಗೆ ತೂತು ಕೊರೆದಿದ್ದರು. ಬಿರುಕು ಅಲ್ಲಿಂದಲೇ ಎದ್ದಿತ್ತು.

ಕಾರಣ ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಭಾರಕ್ಕೆ ತೊಲೆ ಬಾಗಿದಾಗ ಒಂದು ಅಂಚು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ನಡುಭಾಗಕ್ಕೆ ಎಳೆತ ಕಡಿಮೆ. ಅದಕ್ಕೇ ಅಂಚಿಗೆ ತೂತು ಹಾಕಬಾರದು. ಲಾರಿ ಬಾಡಿಯನ್ನು ನಡುವೆ ಮರದ ಪಟ್ಟಿ ಇಟ್ಟು, ಯು-ಬೋಲ್ಟ್‌ಗಳಿಂದ ಚಾಸಿಗೆ ಬಿಗಿಯುತ್ತಾರೆ.

ಕ್ಯಾರವಾನಿನಲ್ಲಿ ತೂಕದ ಲೆಕ್ಕವೂ ಬೇಕು. 200 ಲೀಟರ್ ನೀರೆಂದರೆ 200 ಕಿಲೋ. ಟ್ಯಾಂಕನ್ನು ಆದಷ್ಟು ಕೆಳಗೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇಡಬೇಕು. ಮೇಲೆ ಇಟ್ಟರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ನಮ್ಮ ದೇಶದಲ್ಲಿ ಬಸ್ ಬಾಡಿಗೆ ಎಐಎಸ್-052, ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡಗಳಿವೆ.

ಎಷ್ಟೋ ಚಿಕ್ಕ ವ್ಯಾನುಗಳಿಗೆ ಬೇರೆ ಚಾಸಿಯೇ ಇಲ್ಲ. ತಳ, ಪಕ್ಕ, ಛಾವಣಿ ಸೇರಿಯೇ ಭಾರ ಹೊರುತ್ತವೆ. ಅಂಥ ಗಾಡಿಯ ಛಾವಣಿ ಕತ್ತರಿಸಿದರೆ ಗಾಡಿಯೇ ದುರ್ಬಲ.

ಆ ಬಿರುಕಿನ ಮೇಲೆ ಬೆರಳಿಟ್ಟು ಮಾಮು ಹೇಳಿದ್ದರು: "ಬಾಡಿ ಕೆಟ್ರ ಮತ್ತ ಕಟ್ಟಬಹುದು ಬೇಟಾ. ಚಾಸಿ ಮುರೀತಂದ್ರ ಒಳಗಿದ್ದವ್ರ ಗತಿ ಏನು?"

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ