ಡಿಕ್ಕಿಯಲ್ಲಿದ್ದ ಪೈಪು ಮತ್ತು ಆರಿಹೋದ ಹಳದಿ ದೀಪ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಪಿವಿಸಿ ಪೈಪಿನಿಂದ. ನಾಲ್ಕು ಇಂಚಿನ ಪೈಪು, ಉದ್ದ ಹೆಚ್ಚೆಂದರೆ ಎರಡು ಅಡಿ. ಹುಣಸೂರಿನಲ್ಲಿ ಬೋರ್‌ವೆಲ್, ಡ್ರಿಪ್ ಸಾಮಾನು ಮಾರುವ ಅಂಗಡಿಯಿಂದ ಅದನ್ನು ತಂದವನು ನಾನೇ. ಅಂಗಡಿಯವರು "ಎಷ್ಟು ಎಕರೆಗಪ್ಪಾ?" ಅಂತ ಕೇಳಿದರು. "ಜಮೀನಿಗಲ್ಲ ಅಣ್ಣ, ಕಾರಿಗೆ" ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಎರಡು ಮುಚ್ಚಳ ತೆಗೆದು ಕೌಂಟರ್ ಮೇಲಿಟ್ಟರು.

ಆ ಪೈಪು ಯಾಕೆ ಬೇಕಾಯ್ತು ಅನ್ನೋದನ್ನ ಹೇಳಬೇಕಾದರೆ ನನ್ನ ಗೆಳೆಯನ ಕಾರಿನ ವಿಷಯ ಹೇಳಬೇಕು. ಪಿರಿಯಾಪಟ್ಟಣ ಕಡೆಯವನು, ಮನೇಲಿ ಹೊಗೆಸೊಪ್ಪು ಬೆಳೀತಾರೆ, ಇವನು ಮೈಸೂರಲ್ಲಿ ಕೆಲಸ ಮಾಡ್ತಾನೆ. ಹೆಸರು ಹೇಳಲ್ಲ, ಯಾಕಂದ್ರೆ ಅವರಪ್ಪನಿಗೆ ಈ ಕತೆ ಇನ್ನೂ ಗೊತ್ತಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ತಗೊಂಡ. ಫೋರ್ಡ್ ಕಂಪನಿ 2016ರಲ್ಲಿ ನಮ್ಮ ದೇಶದಲ್ಲಿ ಮಾರೋಕೆ ಶುರು ಮಾಡಿದ್ದ ಕಾರು ಅದು. 5 ಲೀಟರಿನ ವಿ8 ಎಂಜಿನ್, 400ರ ಆಸುಪಾಸು ಹಾರ್ಸ್‌ಪವರ್. ಊರಿಗೆ ತಂದ ದಿನ ಹೊಗೆಸೊಪ್ಪಿನ ಬ್ಯಾರನ್ ಮುಂದೆ ನಿಲ್ಲಿಸಿದ್ದ ಫೋಟೋ ನನ್ನ ಫೋನಲ್ಲಿ ಇನ್ನೂ ಇದೆ.

ಅವನಿಗೆ ಡ್ರ್ಯಾಗ್ ರೇಸ್ ಹುಚ್ಚು. ನೇರ ದಾರಿ, ಕಾಲು ಮೈಲಿ ಅಂದರೆ 402 ಮೀಟರ್, ಯಾರು ಮೊದಲು ಮುಟ್ತಾರೋ ಅವರದ್ದು ಗೆಲುವು. ರಿಂಗ್ ರೋಡಲ್ಲಿ ರಾತ್ರಿ ಮಾಡೋ ಪುಂಡಾಟದ ಮಾತಲ್ಲ ಇದು. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್‌ನಲ್ಲಿ ಹಿಂದೆ ಡ್ರ್ಯಾಗ್ ಮೀಟ್‌ಗಳು ನಡೆದಿವೆ. ಅಂಥ ಮುಚ್ಚಿದ ಜಾಗದ ಓಟಕ್ಕೆ ಅಂತಲೇ ಅವನು ಬೇರೆ ನಾಲ್ಕು ಚಕ್ರ ತರಿಸಿದ.

ಡ್ರ್ಯಾಗ್ ಚಕ್ರಗಳನ್ನ ನೀವು ನೋಡಿದ್ದೀರೋ ಇಲ್ಲವೋ. ಮುಂದಿನವು ಸೈಕಲ್ ಚಕ್ರದ ನೆನಪಾಗೋಷ್ಟು ಸಣಕಲು, ತೂಕ ಕಡಿಮೆ ಇರಲಿ ಅಂತ. ಹಿಂದಿನವು ಅಗಲ, ರಿಮ್ ಚಿಕ್ಕದು, ಟೈರಿನ ಪಕ್ಕದ ಗೋಡೆ ಎತ್ತರ. ಹಿಂದಿನ ಟೈರಿಗೆ ಗಾಳಿಯನ್ನೂ ಕಡಿಮೆ ಬಿಡ್ತಾರೆ. ರಸ್ತೆ ಮೇಲೆ 32, 33 ಪಿಎಸ್‌ಐ ಇರಬೇಕಾದ ಕಡೆ 18, 20. ಗಾಳಿ ಕಡಿಮೆ ಆದಷ್ಟೂ ರಬ್ಬರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತೆ, ಹಿಡಿತ ಜಾಸ್ತಿ ಸಿಗುತ್ತೆ, ಹೊರಡುವಾಗ ಚಕ್ರ ಸುಮ್ಮನೆ ಸುತ್ತೋದು ತಪ್ಪುತ್ತೆ.

ಚಕ್ರ ಹಾಕಿ ಒಂದು ರೌಂಡ್ ಹೋಗಿ ಬಂದ. ಡ್ಯಾಶ್‌ಬೋರ್ಡ್ ಮೇಲೆ ಹಳದಿ ದೀಪ. ಕುದುರೆ ಲಾಳದ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಮೊದಲು ಒಂದು ನಿಮಿಷ ಮಿಣಿಮಿಣಿ ಮಿನುಗಿತು, ಆಮೇಲೆ ಉರೀತಾನೇ ಇತ್ತು. "ಮಗಾ, ಈ ಲೈಟು ತಲೆ ತಿಂತಾ ಇದೆ ಕಣೋ" ಅಂತ ಫೋನ್ ಮಾಡಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ದೀಪದ ಹೆಸರು ಟಿಪಿಎಂಎಸ್, ಟೈರಿನ ಗಾಳಿ ಕಾಯೋ ವ್ಯವಸ್ಥೆ. ಇದರಲ್ಲಿ ಎರಡು ಜಾತಿ. ಒಂದು ಜಾತಿಯಲ್ಲಿ ಪ್ರತಿ ಚಕ್ರದ ಒಳಗೆ, ಗಾಳಿ ಹೊಡೆಯೋ ವಾಲ್ವ್‌ಗೆ ಅಂಟಿಕೊಂಡಂತೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಸೆನ್ಸರ್ ಇರುತ್ತೆ. ಅದರೊಳಗೆ ಒತ್ತಡ ಅಳೆಯೋ ಚಿಪ್ಪು, ಬಿಸಿ ಅಳೆಯೋದು, ಚಕ್ರ ತಿರುಗ್ತಿದೆಯಾ ಅಂತ ಗೊತ್ತು ಮಾಡಿಕೊಳ್ಳೋದು, ಒಂದು ಪುಟ್ಟ ರೇಡಿಯೋ, ಒಂದು ಬ್ಯಾಟರಿ. ಕಾರು ನಿಂತಿದ್ದರೆ ಅದು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತೆ. ಚಕ್ರ ಓಡಿದಾಗ ಎದ್ದು, "ನಾನು ಇಂಥ ನಂಬರಿನವನು, ನನ್ನ ಹತ್ತಿರ ಇಷ್ಟು ಗಾಳಿ ಇದೆ" ಅಂತ ಆಗಾಗ ಕೂಗಿ ಹೇಳುತ್ತೆ. ಪ್ರತಿ ಸೆನ್ಸರಿಗೂ ಬೇರೆಬೇರೆ ಐಡಿ. ಕಾರಿನ ಕಂಪ್ಯೂಟರ್ ತನಗೆ ಪರಿಚಯ ಇರೋ ನಾಲ್ಕು ಐಡಿಗಳ ಮಾತನ್ನ ಮಾತ್ರ ಕೇಳುತ್ತೆ. ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತೆ, ಮುಗಿದರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಾಯಿಸಬೇಕು.

ಇನ್ನೊಂದು ಜಾತಿಗೆ ಚಕ್ರದೊಳಗೆ ಏನೂ ಇರಲ್ಲ. ಎಬಿಎಸ್ ಬ್ರೇಕಿಗೆ ಅಂತ ಪ್ರತಿ ಚಕ್ರದ ವೇಗ ಅಳೆಯೋ ಸೆನ್ಸರ್ ಹೇಗೂ ಇರುತ್ತಲ್ಲ, ಅದರ ಲೆಕ್ಕವನ್ನೇ ಬಳಸ್ತಾರೆ. ಗಾಳಿ ಕಡಿಮೆಯಾದ ಚಕ್ರದ ಸುತ್ತಳತೆ ಒಂಚೂರು ಚಿಕ್ಕದಾಗುತ್ತೆ, ಹಾಗಾಗಿ ಉಳಿದವಕ್ಕಿಂತ ಸ್ವಲ್ಪ ಜಾಸ್ತಿ ಸುತ್ತುತ್ತೆ. ಅಲ್ಲಿ ಕಳ್ಳ ಸಿಕ್ಕಿಬೀಳ್ತಾನೆ. ಅಗ್ಗದ ಉಪಾಯ, ಆದರೆ ನಾಲ್ಕೂ ಚಕ್ರದ ಗಾಳಿ ಒಟ್ಟೊಟ್ಟಿಗೆ ಇಳಿದರೆ ಅದಕ್ಕೆ ಸುಲಭವಾಗಿ ಗೊತ್ತಾಗಲ್ಲ.

ಮಸ್ಟಾಂಗ್‌ನಲ್ಲಿ ಇರೋದು ಮೊದಲನೇ ಜಾತಿ. ಹೊಸ ಚಕ್ರದಲ್ಲಿ ಸೆನ್ಸರ್ ಇಲ್ಲ, ಕಾರು ನಾಲ್ಕು ಜನರನ್ನ ಕೂಗಿ ಕರೀತಿದೆ, ಯಾರೂ ಓಗೊಡ್ತಿಲ್ಲ. ಒಂದು ನಿಮಿಷ ಮಿನುಗಿ ಆಮೇಲೆ ಸ್ಥಿರವಾಗಿ ಉರಿದರೆ ಅರ್ಥ, ವ್ಯವಸ್ಥೆಯೇ ಕೆಟ್ಟಿದೆ ಅಂತ. ಮಿನುಗದೇ ನೇರವಾಗಿ ಉರಿದರೆ ಗಾಳಿ ಕಡಿಮೆ ಇದೆ ಅಂತ. ಎಷ್ಟೋ ಜನ ಈ ಎರಡನ್ನೂ ಒಂದೇ ಅಂದುಕೊಂಡಿರ್ತಾರೆ.

ಅವನು ಮೊದಲು ಸರಿಯಾದ ದಾರೀನೇ ಹಿಡಿದ. ಅಮೆರಿಕದಿಂದ, ಅದೇ ಮಾಡೆಲ್ ಮಸ್ಟಾಂಗ್‌ಗೆ ಅಂತಲೇ ಮಾರೋ ನಾಲ್ಕು ಸೆನ್ಸರ್ ಆನ್‌ಲೈನಲ್ಲಿ ತರಿಸಿದ. ಹಾಕಿಸಿದ. ದೀಪ ಆರಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಕಾರಣ ಗೊತ್ತಾಯ್ತು. ಅಮೆರಿಕದ ಸೆನ್ಸರ್‌ಗಳು ಸಾಮಾನ್ಯವಾಗಿ ಮಾತಾಡೋದು 315 ಮೆಗಾಹರ್ಟ್ಸ್‌ನಲ್ಲಿ. ಯುರೋಪು, ಭಾರತದ ಕಾರುಗಳು ಕಿವಿಗೊಡೋದು 433ಕ್ಕೆ. ಒಬ್ಬರು ಒಂದು ಎಫ್‌ಎಂ ಸ್ಟೇಷನ್ನಲ್ಲಿ ಮಾತಾಡ್ತಿದ್ದರೆ ಇನ್ನೊಬ್ಬರು ಬೇರೆ ಸ್ಟೇಷನ್ ಕೇಳ್ತಾ ಕೂತ ಹಾಗೆ. ಕಾರು ಒಂದೇ, ಮಾಡೆಲ್ ಒಂದೇ, ಆದರೂ ಕೆಲಸ ಮಾಡಲ್ಲ. ನಿಮ್ಮ ಕಾರಿಗೆ ಸೆನ್ಸರ್ ತರಿಸೋ ಮುಂಚೆ ನೋಡಬೇಕಾದ ಮೊದಲ ಅಂಕಿ ಇದು.

ಕೊಟ್ಟ ದುಡ್ಡು ನೀರಲ್ಲಿ ಹೋಮ. ಆ ಬೇಜಾರಲ್ಲಿ ಇದ್ದಾಗಲೇ ನಾನು ಒಂದು ವಿಡಿಯೋ ನೋಡಿ ಅವನಿಗೆ ಕಳಿಸಿದ್ದು. ಹೊರದೇಶದ ಡ್ರ್ಯಾಗ್ ಹುಡುಗರ ಹಳೇ ಉಪಾಯ. ಕಾರಿನ ಒರಿಜಿನಲ್ ಸೆನ್ಸರ್ ನಾಲ್ಕನ್ನೂ ಬಿಚ್ಚಿ, ಒಂದು ಪಿವಿಸಿ ಪೈಪೊಳಗೆ ಹಾಕಿ, ಎರಡೂ ಕಡೆ ಮುಚ್ಚಳ ಅಂಟಿಸಿ, ಒಂದು ವಾಲ್ವ್ ಕೂರಿಸಿ, 33 ಪಿಎಸ್‌ಐ ಗಾಳಿ ಹೊಡೆದು ಡಿಕ್ಕಿಯಲ್ಲಿ ಇಟ್ಟುಬಿಡೋದು. ಸೆನ್ಸರ್ ಸುಳ್ಳು ಹೇಳ್ತಿಲ್ಲ ನೋಡಿ, ಅದು ಇರೋ ಜಾಗದಲ್ಲಿ ನಿಜವಾಗಲೂ 33 ಇದೆ. ಆದರೆ ಆ ಜಾಗ ಡಿಕ್ಕಿ, ಚಕ್ರ ಅಲ್ಲ. ಕೆಲವು ಕಾರಲ್ಲಿ ಸೆನ್ಸರ್ ತಿರುಗ್ತಾ ಇಲ್ಲ ಅಂತ ನಿದ್ದೆ ಹೋಗಿ ದೀಪ ವಾಪಸ್ ಬರುತ್ತೆ. ಇವನ ಕಾರಲ್ಲಿ ಆರಿದ್ದು ಆರಿಯೇ ಹೋಯ್ತು. ನಾವಿಬ್ಬರೂ ಅವತ್ತು ಹೋಟೆಲಿಗೆ ಹೋಗಿ ದೋಸೆ ತಿಂದು ಖುಷಿಪಟ್ಟೆವು.

ಮೀಟ್‌ಗೆ ಹೋಗಿ ಬಂದ, ಏನೂ ಗೆಲ್ಲಲಿಲ್ಲ. ವಾಪಸ್ ಬಂದು ಮಾಮೂಲಿ ಚಕ್ರ ಹಾಕಿಕೊಂಡ. ಇಲ್ಲೇ ನಾವು ಎಡವಿದ್ದು. ಮಾಮೂಲಿ ಚಕ್ರದೊಳಗೂ ಈಗ ಸೆನ್ಸರ್ ಇಲ್ಲ, ಅವು ಪೈಪೊಳಗಿವೆ. ದೀಪ ಆರಿದೆ. ದೀಪ ಆರಿದೆ ಅಂದರೆ ಎಲ್ಲ ಸರಿ ಇದೆ ಅಂತ ಕಣ್ಣಿಗೆ ಅಭ್ಯಾಸ ಆಗಿದೆ. ಪೈಪು ಡಿಕ್ಕಿಯಲ್ಲಿ ಇರೋದೇ ನಮಗೆ ಮರೆತುಹೋಯ್ತು.

ಒಂದು ತಿಂಗಳಾದ ಮೇಲೆ ಹುಣಸೂರಿನಿಂದ ಮೈಸೂರಿಗೆ ಹೊರಟಿದ್ದೆವು. ಅವನು ಓಡಿಸ್ತಿದ್ದ, ನಾನು ಪಕ್ಕ. ಬಿಳಿಕೆರೆ ದಾಟಿದ ಮೇಲೆ ಹಿಂಭಾಗ ಯಾಕೋ ತೇಲಿದ ಹಾಗೆ ಅನ್ನಿಸಿತು. ರಸ್ತೆ ಹಾಗಿದೆ ಅಂದುಕೊಂಡೆವು. ಸ್ಪೀಡು ಎಂಬತ್ತರ ಹತ್ತಿರ. ಅವನು ಡ್ಯಾಶ್‌ಬೋರ್ಡ್ ತೋರಿಸಿ "ನೋಡು, ಲೈಟ್ ಇಲ್ಲ" ಅಂದ. ನಾನೂ ನೋಡಿದೆ, ಲೈಟ್ ಇರಲಿಲ್ಲ. ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಹಾಗೇ ಹೋದೆವು. ಆಮೇಲೆ ದಪ್ ಅಂತ ಸದ್ದು, ಕಾರು ಎಡಕ್ಕೆ ಎಳೀತು, ಎದುರಿಗೆ ಒಂದು ಕೆಎಸ್‌ಆರ್‌ಟಿಸಿ ಬಸ್ಸು. ಅವನು ಬ್ರೇಕ್ ತುಳಿಯದೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಆಕ್ಸಲರೇಟರ್ ಬಿಟ್ಟ. ಅದೊಂದು ಸರಿ ಮಾಡಿದ. ಮಣ್ಣಿಗಿಳಿದು ನಿಂತೆವು.

ಇಳಿದು ನೋಡಿದರೆ ಹಿಂದಿನ ಎಡಗಡೆ ಟೈರಿನ ಪಕ್ಕದ ಗೋಡೆ ಸುತ್ತಲೂ ಹರಿದಿತ್ತು. ಒಳಗೆ ರಬ್ಬರಿನ ಕಪ್ಪು ಪುಡಿ. ಮುಟ್ಟೋಕೆ ಆಗದಷ್ಟು ಬಿಸಿ. ಒಂದು ಮೊಳೆ ಯಾವಾಗಲೋ ಹೊಕ್ಕಿತ್ತು, ಗಾಳಿ ನಿಧಾನಕ್ಕೆ ಇಳಿದಿತ್ತು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಬಾಗಿ ಬಾಗಿ ಏಳುತ್ತೆ, ಆ ಬಾಗುವಿಕೆಯೇ ಬಿಸಿಯಾಗುತ್ತೆ, ಬಿಸಿಗೆ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಟಿಪಿಎಂಎಸ್ ಇರೋದೇ ಈ ನಿಧಾನದ ಸೋರಿಕೆಯನ್ನ ಹಿಡಿಯೋಕೆ. ಅದನ್ನ ನಾವೇ ಎತ್ತಿ ಡಿಕ್ಕಿಯಲ್ಲಿ ಮಲಗಿಸಿದ್ದೆವು.

ಈ ದೀಪ ಕಡ್ಡಾಯ ಆಗಿದ್ದರ ಹಿಂದೆಯೂ ಒಂದು ಫೋರ್ಡ್ ಕಾರಿನ ಕತೆ ಇದೆ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನ ವಾಪಸ್ ಕರೆಸಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಆ ಟೈರುಗಳ ಮೇಲ್ಪದರ ಕಿತ್ತುಬಂದು ಗಾಡಿ ಮಗುಚಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಗಾಡಿಗೆ ಹೇಳಿದ್ದ ಗಾಳಿ ಬರೀ 26 ಪಿಎಸ್‌ಐ, ಅದೂ ಚರ್ಚೆಗೆ ಬಂತು. ಅದೇ ವರ್ಷ ಕಾನೂನು ಬಂತು, 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರಿಗೂ ಟಿಪಿಎಂಎಸ್ ಕಡ್ಡಾಯ. ಕಂಪನಿ ಹೇಳಿದ್ದಕ್ಕಿಂತ ಕಾಲುಭಾಗ ಕಡಿಮೆಯಾದರೆ ದೀಪ ಉರಿಯಲೇಬೇಕು. ನಮ್ಮಲ್ಲಿ 2020ರಲ್ಲಿ ನಿಯಮ ಬದಲಾಯ್ತು: ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ಪಂಚರ್ ಕಿಟ್ ಮೂರೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ಅಂದರೆ ಎಷ್ಟೋ ಕಾರುಗಳಲ್ಲಿ ಈ ದೀಪ ಸ್ಟೆಪ್ನಿಯ ಜಾಗದಲ್ಲಿ ಕೂತಿದೆ.

ಹಾಗಾದರೆ ಬೇರೆ ಚಕ್ರ ಹಾಕೋರು ಏನು ಮಾಡಬೇಕು? ಪ್ರೋಗ್ರಾಂ ಮಾಡಬಹುದಾದ 433 ಮೆಗಾಹರ್ಟ್ಸ್ ಸೆನ್ಸರ್ ಸಿಗುತ್ತವೆ. ಅದಕ್ಕೆ ಹಳೇ ಸೆನ್ಸರಿನ ಐಡಿಯನ್ನೇ ನಕಲು ಮಾಡಿ ಹಾಕಿದರೆ ಕಾರಿಗೆ ಚಕ್ರ ಬದಲಾಗಿದ್ದೇ ತಿಳಿಯಲ್ಲ. ಆದರೆ ಒಂದೇ ಐಡಿಯ ಎರಡು ಸೆಟ್ಟು ಒಂದೇ ಕಡೆ ಇದ್ದರೆ ಕಾರು ಎರಡರ ಮಾತನ್ನೂ ಕೇಳಿ ಗಲಿಬಿಲಿ ಆಗುತ್ತೆ, ಹಾಗಾಗಿ ಇನ್ನೊಂದು ಸೆಟ್ಟನ್ನ ಅದೇ ಕಾರಲ್ಲಿ ಹೇರಿಕೊಂಡು ಹೋಗಬೇಡಿ. ಇಲ್ಲ ಅಂದರೆ ಹೊಸ ಐಡಿಯನ್ನ ಕಾರಿಗೆ ಕಲಿಸಬೇಕು. ಕೆಲವಕ್ಕೆ ಟೂಲ್ ಬೇಕು, ಕೆಲವು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ. ಇಷ್ಟು ಮಾಡಿದರೂ 18 ಪಿಎಸ್‌ಐ ಬಿಟ್ಟಾಗ ದೀಪ ಉರಿದೇ ಉರಿಯುತ್ತೆ. ಉರೀಲಿ ಬಿಡಿ. ಹದಿಮೂರು ಹದಿನಾಲ್ಕು ಸೆಕೆಂಡಿನ ಓಟ ಅದು. ಓಟ ಮುಗಿದ ಮೇಲೆ ಆ ಚಕ್ರದಲ್ಲೇ ಮನೆಗೆ ಬರಬಾರದು, ಅಷ್ಟೇ. ಅಳತೆ ಬದಲಾದ ಚಕ್ರದಲ್ಲಿ ರಸ್ತೆಗಿಳಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರಬಹುದು, ಇನ್ಶೂರೆನ್ಸ್‌ನವರೂ ಪ್ರಶ್ನೆ ಎತ್ತಬಹುದು.

ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಇರೋದು ಮಸ್ಟಾಂಗ್ ಅಲ್ಲ, ನನ್ನ ಹತ್ತಿರವೂ ಇಲ್ಲ. ಆದರೂ ಅಲಾಯ್ ಹಾಕಿಸ್ತೀರ. ಹಾಕಿಸುವಾಗ "ಅಣ್ಣ, ಒಳಗೆ ಸೆನ್ಸರ್ ಇದೆ" ಅಂತ ಪಂಚರ್ ಅಂಗಡಿಯವರಿಗೆ ಮೊದಲೇ ಹೇಳಿ. ವಾಲ್ವ್ ಹತ್ತಿರ ಲಿವರ್ ಹಾಕಿದರೆ ಮುರಿದುಹೋಗುತ್ತೆ. ಪಂಚರ್ ಆಗದ ಹಾಗೆ ಟೈರೊಳಗೆ ಬಿಡೋ ಲಿಕ್ವಿಡ್ ಸೆನ್ಸರಿನ ಕಿಂಡಿ ಮುಚ್ಚಬಹುದು. ಎಬಿಎಸ್ ಲೆಕ್ಕದ ಜಾತಿಯಾದರೆ ಗಾಳಿ ಹೊಡೆಸಿದ ಮೇಲೆ ರೀಸೆಟ್ ಒತ್ತಿ, ಅದೂ ಗಾಳಿ ಸರಿಯಿದೆ ಅಂತ ನೋಡಿದ ಮೇಲೆ. ಕಡಿಮೆ ಇದ್ದಾಗ ಒತ್ತಿದರೆ ಅದನ್ನೇ ಸರಿ ಅಂತ ಕಲಿತುಕೊಳ್ಳುತ್ತೆ. ಡಿಸೆಂಬರ್ ಬೆಳಗ್ಗೆ ದೀಪ ಉರಿದು ಮಧ್ಯಾಹ್ನ ಆರಿದರೆ ಕಾರು ಕೆಟ್ಟಿಲ್ಲ. ಹತ್ತು ಡಿಗ್ರಿ ತಣ್ಣಗಾದರೆ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತೆ. ಮೊದಲೇ ಅಂಚಿನಲ್ಲಿತ್ತು ಅಂತ ಅರ್ಥ, ಬೆಳಗ್ಗೆ ಟೈರು ತಣ್ಣಗಿದ್ದಾಗಲೇ ಬಂಕಿಗೆ ಹೋಗಿ.

ಆ ಪೈಪಿನ ವಿಷಯ ಹೇಳಿಬಿಡ್ತೀನಿ. ಮೈಸೂರಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಡಿಕ್ಕಿ ತೆಗೆದು ಅದನ್ನ ನೋಡಿದವರೇ ಬೈಯೋಕೆ ಶುರು ಮಾಡಿದರು, ಟೈರಿನ ಕತೆ ಕೇಳೋಕೂ ಮುಂಚೆ. ಪಿವಿಸಿ ಪೈಪು ನೀರಿಗೆ ಮಾಡಿದ್ದು, ಗಾಳಿ ತುಂಬಿಡೋಕಲ್ಲ. ಬಿಸಿಲಲ್ಲಿ ಕಾದ ಡಿಕ್ಕಿಯಲ್ಲಿ ಅದು ಮೆತ್ತಗಾಗುತ್ತೆ, ಒಡೆದರೆ ಗಾಜಿನ ಚೂರಿನ ಹಾಗೆ ಸಿಡಿಯುತ್ತೆ ಅಂದರು. ಗಾಳಿ ಬಿಟ್ಟು, ಗರಗಸದಲ್ಲಿ ಕೊಯ್ದು, ನಾಲ್ಕು ಸೆನ್ಸರ್ ಹೊರಗೆ ತೆಗೆದು ಮಾಮೂಲಿ ಚಕ್ರಕ್ಕೇ ವಾಪಸ್ ಹಾಕಿದರು. ಡ್ರ್ಯಾಗ್ ಚಕ್ರಗಳು ಈಗ ಮೀಟ್ ಇದ್ದಾಗ ಪಿಕಪ್‌ನಲ್ಲಿ ಹೋಗುತ್ತವೆ, ಅಲ್ಲೇ ಬದಲಾಯಿಸ್ತಾನೆ. ಕೊಯ್ದ ಪೈಪಿನ ಒಂದು ತುಂಡನ್ನ ಅವನಮ್ಮ ಮನೆ ಮುಂದೆ ನಿಲ್ಲಿಸಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾರೆ. ಅದೇನು ಪೈಪು ಅಂತ ಅವರು ಇನ್ನೂ ಕೇಳಿಲ್ಲ.