ಶುಶ್ರೂಷಕಿಯರ ಮನೋದಣಿವು

2020ರ ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಸೋಂಕು ಪತ್ತೆಯಾಗಿ, ಸಾವಿರಕ್ಕೂ ಹೆಚ್ಚು ಮಂದಿ ಕ್ವಾರಂಟೈನ್‌ಗೆ ಒಳಪಟ್ಟರು. ಮೊದಲ ಹಂತದಲ್ಲಿ ಮೈಸೂರು ಜಿಲ್ಲೆಯ ಬಹುಪಾಲು ಪ್ರಕರಣಗಳು ಆ ಒಂದೇ ಸರಪಳಿಗೆ ಸೇರಿದ್ದವು. ದಿನನಿತ್ಯದ ಆರೋಗ್ಯ ಬುಲೆಟಿನ್‌ನಲ್ಲಿ ಸೋಂಕಿತರ, ಗುಣಮುಖರಾದವರ, ಮೃತರ ಲೆಕ್ಕಕ್ಕೆ ಅಂಕಣಗಳಿದ್ದವು. ಅವರ ಆರೈಕೆ ಮಾಡಿದ ಶುಶ್ರೂಷಕಿಯರ ಮನಃಸ್ಥಿತಿಗೆ ಅಂಥ ಅಂಕಣವಿರಲಿಲ್ಲ.

ಚೀನಾದ 34 ಆಸ್ಪತ್ರೆಗಳ 1,257 ಆರೋಗ್ಯ ಸಿಬ್ಬಂದಿಯನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಕಂಡುಬಂದಿದ್ದವು. ಶುಶ್ರೂಷಕಿಯರಲ್ಲಿ ಅವು ಇನ್ನಷ್ಟು ತೀವ್ರವಾಗಿದ್ದವು. ತಜ್ಞರು ಇಲ್ಲಿ ಎರಡು ಸ್ಥಿತಿಗಳನ್ನು ಬೇರ್ಪಡಿಸುತ್ತಾರೆ. ದೀರ್ಘಕಾಲದ ಕೆಲಸದ ಒತ್ತಡದಿಂದ ಶಕ್ತಿ ಬತ್ತಿ, ಕೆಲಸದ ಬಗೆಗೇ ನಿರಾಸಕ್ತಿ ಮೂಡುವುದು ‘ಬರ್ನೌಟ್’. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆಂದಲ್ಲ, ವೃತ್ತಿಸಂಬಂಧಿ ವಿದ್ಯಮಾನವೆಂದು ಗುರುತಿಸಿದೆ. ಆಮ್ಲಜನಕ ಅಥವಾ ಹಾಸಿಗೆ ಸಾಲದಿರುವಾಗ, ಮಾಡಬೇಕೆಂದು ತಿಳಿದದ್ದನ್ನು ಮಾಡಲಾಗದೆ ಉಳಿಯುವ ತಪ್ಪಿತಸ್ಥ ಭಾವ ‘ನೈತಿಕ ಗಾಯ’.

ನಂಜನಗೂಡು, ಟಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಈ ಹೊರೆಗೆ ಇನ್ನೊಂದು ಮುಖವಿದೆ. ಹೆರಿಗೆ, ಲಸಿಕೆ, ಹಾವು ಕಡಿತದ ಚಿಕಿತ್ಸೆಗಳು ಸಾಂಕ್ರಾಮಿಕಕ್ಕಾಗಿ ಕಾಯುವುದಿಲ್ಲವಾದ್ದರಿಂದ, ಅದೇ ಬೆರಳೆಣಿಕೆಯ ಸಿಬ್ಬಂದಿ ಎರಡನ್ನೂ ನಿಭಾಯಿಸಬೇಕಾಗುತ್ತದೆ. ಪಿಪಿಇ ಕಿಟ್ ತೊಟ್ಟ ಮೇಲೆ ಪಾಳಿ ಮುಗಿಯುವವರೆಗೆ ನೀರಾಗಲಿ ಶೌಚವಾಗಲಿ ಇರಲಿಲ್ಲ. ಸೋಂಕು ತರುತ್ತಾರೆಂಬ ಭೀತಿಯ ನಡುವೆ, ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಆಸ್ಪತ್ರೆಯ ಕೆಲಸವನ್ನು ನೆರೆಹೊರೆಯಿಂದ ಮರೆಮಾಚುವುದೂ ಸಾಧ್ಯವಿಲ್ಲ. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಜೈಲುಶಿಕ್ಷೆ ವಿಧಿಸಲು ಕೇಂದ್ರ ಸರ್ಕಾರ 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದರೆ ಕಂಡೂ ಕಾಣದಂತೆ ದೂರ ಸರಿಯುವ ನೆರೆಯವರನ್ನು ತಡೆಯುವ ಕಾನೂನು ಯಾವುದೂ ಇಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡಾಗ, ಕೆಲಸದ ಒತ್ತಡವನ್ನು ಪ್ರಶ್ನಿಸಿ ಜಿಲ್ಲೆಯ ವೈದ್ಯರು ಪ್ರತಿಭಟನೆಗಿಳಿದರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೂ ವೈದ್ಯರಿಗೆ ಬೀದಿಗಿಳಿದು ಹೇಳಿಕೊಳ್ಳಲು ಸಾಧ್ಯವಾದ ಒತ್ತಡ, ಅವರ ಕೆಳಗಿನ ಶ್ರೇಣಿಯ ದಾದಿಯರಲ್ಲಿ ಮೌನವಾಗಿಯೇ ಉಳಿದಿರಬಹುದೆಂಬ ಅನುಮಾನ ಸಹಜ.

ಬೆಂಗಳೂರಿನ ನಿಮ್ಹಾನ್ಸ್ ಆ ದಿನಗಳಲ್ಲಿ ಸಹಾಯವಾಣಿ ತೆರೆದು ಆಪ್ತಸಮಾಲೋಚನೆಗೆ ಅವಕಾಶ ಕಲ್ಪಿಸಿತು. ಅದು ಬೇಕಾದದ್ದೇ, ಆದರೆ ಫೋನು ಮಾಡಲು ಬಿಡುವಾಗಬೇಕು, ರಜೆ ಹಾಕಿದರೆ ಆ ಪಾಳಿಗೆ ಬೇರೊಬ್ಬರು ಸಿಗಬೇಕು. ಹೀಗಾಗಿ ಮನೋದಣಿವಿನ ಪ್ರಶ್ನೆ ಕೆಲಸದ ಸ್ಥಿತಿಗತಿಯ ಪ್ರಶ್ನೆಯೂ ಹೌದು: 2020ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಹೂಡಿದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರ ಮುಖ್ಯ ಬೇಡಿಕೆಗಳು ಸಮಾನ ವೇತನ ಮತ್ತು ಉದ್ಯೋಗ ಭದ್ರತೆ.