ಶೋಳಿಂಗನಲ್ಲೂರ್ ಪಕ್ಕದ ಕಲಾಗ್ರಾಮ: ಪ್ಯಾರಿಸ್ ಪಾಠ, ಮೈಸೂರಿನ ಕುಂಚ

ಹಳೇ ಮಹಾಬಲಿಪುರಂ ರಸ್ತೆಯ ಶೋಳಿಂಗನಲ್ಲೂರ್ ಜಂಕ್ಷನ್‌ನಲ್ಲಿ ಪೂರ್ವಕ್ಕೆ ತಿರುಗಿ, ಬಕಿಂಗ್‌ಹ್ಯಾಂ ಕಾಲುವೆ ದಾಟಿದರೆ ಅಕ್ಕರೈ. ಅಲ್ಲಿ ಈಸ್ಟ್ ಕೋಸ್ಟ್ ರಸ್ತೆಗೆ ಸೇರಿ ಎಡಕ್ಕೆ ಸ್ವಲ್ಪ ಹೋದರೆ ಇಂಜಂಬಾಕ್ಕಂ. ಐಟಿ ಉದ್ಯೋಗಕ್ಕಾಗಿ ಬಂದು ಈ ಭಾಗದ ಅಪಾರ್ಟ್‌ಮೆಂಟ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಭಾನುವಾರ ಬೀಚಿಗೆ ಹೋಗುವಾಗ ಚೋಳಮಂಡಲ ಕಲಾಗ್ರಾಮದ ಮುಂದೆಯೇ ಹಾದುಹೋಗುತ್ತವೆ. ಒಳಗೆ ಹೋಗಿ ನೋಡಿದವರು ಕಡಿಮೆ. ಆ ಗ್ರಾಮ ಕಟ್ಟಿದವರಲ್ಲಿ ನಮ್ಮ ಮೈಸೂರಿನವರೊಬ್ಬರು ಇದ್ದರೆಂದು ತಿಳಿದವರು ಇನ್ನೂ ಕಡಿಮೆ.

ಈಗ ಈ ವಿಷಯ ಎತ್ತಲು ಕಾರಣವಿದೆ. ಪ್ಲಸ್ ಟು ಫಲಿತಾಂಶ ಬಂದಾಗ ಇಂಜಿನಿಯರಿಂಗ್, ಸಿಎ ಎಂಬ ಮಾತುಗಳ ನಡುವೆ ಒಂದೊಂದು ಮನೆಯಲ್ಲಿ ಮಗಳೋ ಮಗನೋ 'ನಾನು ಕಲಾ ಇತಿಹಾಸ ಓದುತ್ತೇನೆ' ಎನ್ನುವುದುಂಟು. 'ಚಿತ್ರ ಬಿಡಿಸೋದಾದರೂ ಸರಿ, ಯಾವುದೋ ದೇಶದವರು ಬಿಡಿಸಿದ ಚಿತ್ರದ ಇತಿಹಾಸ ಓದಿ ಏನು ಮಾಡ್ತೀಯಮ್ಮಾ?' ಎಂಬುದು ಹೆತ್ತವರ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಇದೇ ಪ್ರಶ್ನೆಯನ್ನು ಮದರಾಸಿನ ಕಲಾವಿದರು ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ಕೇಳಿಕೊಂಡಿದ್ದರು.

ಎಗ್ಮೋರ್ ಬಳಿಯ ಸರ್ಕಾರಿ ಲಲಿತಕಲಾ ಕಾಲೇಜು 1850ರಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ಬ್ರಿಟಿಷ್ ವೈದ್ಯರು ಆರಂಭಿಸಿದ ಶಾಲೆಯಿಂದ ಬೆಳೆದದ್ದು. ಇಂಥ ಶಾಲೆಗಳ ಮೂಲಕವೇ ಯುರೋಪಿನ ಚಿತ್ರ ಕಲಿಕೆಯ ಕ್ರಮ ನಮ್ಮ ದೇಶಕ್ಕೆ ಬಂತು. ಅದು ಒಳ್ಳೆಯದೇ ಕೆಟ್ಟದ್ದೇ ಎಂಬ ಜಗಳವೂ ಜೊತೆಯಲ್ಲೇ ಬಂತು. ಮದರಾಸು ಶಾಲೆಯ ಮುಖ್ಯಸ್ಥರಾಗಿದ್ದ ಇ.ಬಿ. ಹ್ಯಾವೆಲ್ 1896ರಲ್ಲಿ ಕಲ್ಕತ್ತಕ್ಕೆ ಹೋದರು. ಆಂಗ್ಲರಾಗಿದ್ದೂ ಅವರು ಅಲ್ಲಿ ಭಾರತೀಯ ಪದ್ಧತಿಯ ಪರ ನಿಂತರು, ಅವನೀಂದ್ರನಾಥ ಠಾಕೂರರನ್ನು ಕರೆತಂದರು. ಅದೇ ಅವನೀಂದ್ರರ ಶಿಷ್ಯರಾದವರು ನಮ್ಮ ಕೆ. ವೆಂಕಟಪ್ಪ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ ಅವರ ಹೆಸರಿನದೇ.

ಮದರಾಸು ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರು ದೇವಿಪ್ರಸಾದ್ ರಾಯ್ ಚೌಧುರಿ. ಮರೀನಾ ಬೀಚಿನಲ್ಲಿ ಬಂಡೆ ಸರಿಸುತ್ತಿರುವ ಕಾರ್ಮಿಕರ ಪ್ರತಿಮೆ ಅವರದೇ ಕೈಕೆಲಸ. ಅವರ ನಂತರ 1957ರಲ್ಲಿ ಬಂದವರು ಕೆ.ಸಿ.ಎಸ್. ಪಣಿಕ್ಕರ್. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಪಣಿಕ್ಕರ್ ಮೊದಮೊದಲು ಇಂಗ್ಲಿಷ್ ಮಾದರಿಯ ಜಲವರ್ಣ ಚಿತ್ರಗಳಿಗೆ ಹೆಸರಾದವರು. ವ್ಯಾನ್ ಗೋ, ಗೋಗ್ಯಾಂ ಅವರ ಪ್ರಭಾವವೂ ಇತ್ತು. 1954ರಲ್ಲಿ ಲಂಡನ್‌ಗೆ ಹೋಗಿ ಯುರೋಪಿನ ಹೊಸ ಕಲೆಯನ್ನು ಕಣ್ಣಾರೆ ಕಂಡರು. ಮರಳಿದ ಮೇಲೆ ಅವರನ್ನು ಕಾಡಿದ್ದು ಒಂದೇ ಚಿಂತೆ: ಇದನ್ನೆಲ್ಲಾ ಕಲಿತದ್ದಾಯಿತು, ನಮ್ಮದು ಎನ್ನುವಂಥದ್ದು ಯಾವುದು? 1963ರ ಸುಮಾರಿಗೆ ಅವರು ಜಾತಕದ ಕುಂಡಲಿ, ಹಸ್ತಪ್ರತಿ, ಮಲಯಾಳಂ ಅಕ್ಷರಗಳನ್ನು ಹೋಲುವ ಬರಹಗಳನ್ನೇ ಕ್ಯಾನ್ವಾಸಿಗೆ ತಂದರು. 'ಪದಗಳು ಮತ್ತು ಸಂಕೇತಗಳು' ಎಂಬ ಆ ಮಾಲಿಕೆ ಇಂದಿಗೂ ಪ್ರಸಿದ್ಧ.

ಯುರೋಪನ್ನು ಓದದೆ ಅವರು ಅಲ್ಲಿಗೆ ತಲುಪುತ್ತಿರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಪಿಕಾಸೊ 1907ರ ಹೊತ್ತಿಗೆ ಆಫ್ರಿಕಾದ ಮುಖವಾಡಗಳನ್ನು ನೋಡಿ ಕಲಿತರು. ಅವರಿಗೂ ಮೊದಲು ಫ್ರಾನ್ಸಿನ ಚಿತ್ರಕಾರರು ಜಪಾನಿನ ಮರದಚ್ಚಿನ ಚಿತ್ರಗಳಿಂದ ಎರವಲು ಪಡೆದಿದ್ದರು. ಪಶ್ಚಿಮದ ಕಲೆಯಲ್ಲೂ ಪೂರ್ವದ ಪಾಲಿದೆ ಎಂದು ತಿಳಿದವನಿಗೆ ಕೀಳರಿಮೆ ಇರುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಕಲೆಯ ಪೇಟೆ ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಸರಿಯಿತು. 1967ರಲ್ಲಿ ಅಮೆರಿಕದ ಎರಡು ದಶಕಗಳ ಚಿತ್ರಕಲೆಯ ದೊಡ್ಡ ಪ್ರದರ್ಶನವೇ ದೆಹಲಿಗೆ ಬಂದಿತ್ತು.

ಪಣಿಕ್ಕರ್ ಕಾಲದ ಆ ಕಾಲೇಜಿಗೆ 1960ರಲ್ಲಿ ಬಂದು ಸೇರಿದವರು ಎಸ್.ಜಿ. ವಾಸುದೇವ್. 1941ರಲ್ಲಿ ಮೈಸೂರಿನಲ್ಲಿ ಜನಿಸಿದವರು. 1966ರಲ್ಲಿ ಪಣಿಕ್ಕರ್ ನೇತೃತ್ವದಲ್ಲಿ ಚೋಳಮಂಡಲ ಆರಂಭವಾದಾಗ ವಾಸುದೇವ್ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಆಗ ಇಂಜಂಬಾಕ್ಕಂ ಎಂದರೆ ಬರೀ ಮರಳು, ಸರ್ವೆ ತೋಪು. ಹೊಟ್ಟೆಪಾಡಿಗೆ ಏನು ಗತಿ ಎಂಬ ಪ್ರಶ್ನೆಗೆ ಕಲಾವಿದರು ಕಂಡುಕೊಂಡ ದಾರಿ ಬಾಟಿಕ್ ಮುಂತಾದ ಕರಕುಶಲ ವಸ್ತುಗಳು. ಅವನ್ನು ಮಾರಿ ಬಂದ ಹಣದಲ್ಲೇ ಜಾಗ ಕೊಂಡರು, ಮನೆ ಕಟ್ಟಿಕೊಂಡರು. ಚಿತ್ರ ಮಾರಾಟವಾಗಲಿ ಬಿಡಲಿ, ಒಲೆ ಉರಿಯಬೇಕಲ್ಲ! ಸರ್ಕಾರದ ಅನುದಾನಕ್ಕೆ ಕೈಚಾಚದೆ ನಿಂತ ಈ ಲೆಕ್ಕಾಚಾರ ಮೆಚ್ಚತಕ್ಕದ್ದೇ.

ಕನ್ನಡಕ್ಕೆ ಇದರಿಂದ ಆದ ಲಾಭವೂ ದೊಡ್ಡದು. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದರು. ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ ಅವರ ಗೆಳೆತನವೂ ಇಲ್ಲಿಯದೇ. ಈ ಬಳಗದಿಂದ ಹೊರಬಂದದ್ದು 1970ರ 'ಸಂಸ್ಕಾರ' ಚಿತ್ರ. ಅದರ ಕಲಾ ನಿರ್ದೇಶಕರು ವಾಸುದೇವ್. ಮೊದಲು ಸೆನ್ಸಾರ್ ನಿಷೇಧ, ಆಮೇಲೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ! ಮದರಾಸಿನಲ್ಲಿ ಕುಳಿತು ಕನ್ನಡಕ್ಕೆ ಸಿನಿಮಾ ಕಟ್ಟಿದ ಈ ಕಥೆಯನ್ನು ನಮ್ಮ ಸಂಘಗಳ ರಾಜ್ಯೋತ್ಸವ ಭಾಷಣಗಳಲ್ಲಿ ಯಾರೂ ಏಕೆ ಹೇಳುವುದಿಲ್ಲವೋ!

ಇನ್ನು ಓದಿನ ವಿಷಯ. ಕಲಾ ಇತಿಹಾಸವೆಂದರೆ ಚಿತ್ರ ಬಿಡಿಸುವ ತರಗತಿಯಲ್ಲ. ಓದು, ಬರಹ, ನೋಟದ ಶಾಸ್ತ್ರ. ನಮ್ಮ ದೇವರ ಮನೆಯ ಲಕ್ಷ್ಮಿ ಸರಸ್ವತಿಯರ ಕ್ಯಾಲೆಂಡರ್ ಚಿತ್ರದಲ್ಲಿ ಸೀರೆಯ ಮಡಿಕೆಗೆ ನೆರಳು ಬಿದ್ದಿರುವುದು ಹೇಗೆ? ಯುರೋಪಿನ ತೈಲವರ್ಣದ ವಿದ್ಯೆಯನ್ನು ರಾಜಾ ರವಿವರ್ಮ ಕಲಿತು, 1894ರಲ್ಲಿ ಅಚ್ಚಿನ ಪ್ರೆಸ್ಸನ್ನೇ ಹಾಕಿದ್ದರಿಂದ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಮೂಲ ಚಿತ್ರಗಳನ್ನು ನೋಡಿದವರಿಗೆ ವ್ಯತ್ಯಾಸ ಗೊತ್ತು. ಹೀಗೆ ಇಟಲಿಯ ಪಾಠ ನಮ್ಮ ಅಜ್ಜಿಯ ಪೂಜೆವರೆಗೆ ಬಂದು ನಿಂತಿದೆ.

ಚೆನ್ನೈನಲ್ಲಿ ಸ್ಟೆಲ್ಲಾ ಮಾರಿಸ್ ಕಾಲೇಜಿನ ಲಲಿತಕಲಾ ವಿಭಾಗದಲ್ಲಿ ಹೆಣ್ಣುಮಕ್ಕಳು ಈ ವಿಷಯ ಓದಬಹುದು. ಊರಿನ ಕಡೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ. ದೂರ ಹೋಗುವವರಿಗೆ ಬರೋಡ, ಶಾಂತಿನಿಕೇತನಗಳಲ್ಲಿ ಪ್ರತ್ಯೇಕ ಕಲಾ ಇತಿಹಾಸ ವಿಭಾಗಗಳೇ ಇವೆ. ಓದಿದವರಿಗೆ ಮ್ಯೂಸಿಯಂ, ಗ್ಯಾಲರಿ, ಹರಾಜು ಸಂಸ್ಥೆ, ಪ್ರಕಾಶನ, ಅಧ್ಯಾಪನದಲ್ಲಿ ಕೆಲಸವಿದೆ. ಸಾಫ್ಟ್‌ವೇರ್ ಸಂಬಳ ಮೊದಲ ದಿನದಿಂದಲೇ ಬರುತ್ತದೆಂದು ಯಾರೂ ಆಸೆ ಹುಟ್ಟಿಸಬಾರದು. ವಿದ್ಯಾಸಾಲ ಇಂಜಿನಿಯರಿಂಗ್‌ಗೆ ಮಾತ್ರ ಎಂಬ ಭಾವನೆ ತಪ್ಪು. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿಗೂ ಅರ್ಜಿ ಹಾಕಬಹುದು.

ಚೋಳಮಂಡಲದಲ್ಲಿ 2009ರಲ್ಲಿ ಮದರಾಸು ಕಲಾ ಚಳವಳಿಯ ಮ್ಯೂಸಿಯಂ ಆರಂಭವಾಯಿತು. 1977ರಲ್ಲಿ ತೀರಿಕೊಂಡ ಪಣಿಕ್ಕರ್ ಅವರ ಚಿತ್ರಗಳೂ ಅವರ ಶಿಷ್ಯರ ಕೃತಿಗಳೂ ಅಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಶೋಳಿಂಗನಲ್ಲೂರಿನ ಸದಸ್ಯರು ಮಕ್ಕಳನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹೋಗಿಬರಬಹುದು. ಹೊರಡುವ ಮುನ್ನ ಸಮಯ ವಿಚಾರಿಸಿಕೊಳ್ಳುವುದು ಒಳಿತು.